ಪತ್ರ ವ್ಯವಹಾರಕ್ಕೆ ಆಸ್ಪದವಿಲ್ಲ

ಮಳೆ ಜೋರು ಹಿಡಿಯುವ ಹೊತ್ತಿಗೇ ಪತ್ರಿಕೆಗಳಲ್ಲಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ, ಕವನ ಸ್ಪರ್ಧೆಗಳ ಪ್ರಕಟಣೆ ಬರತೊಡಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಕೊನೆಯ ದಿನಾಂಕ ಗೊತ್ತುಮಾಡುವವರಿಗೆ ಖಾನಾಪುರ ತಾಲ್ಲೂಕಿನ ಮಳೆ ಗೊತ್ತಿರಲಿಕ್ಕಿಲ್ಲ. ಜಾಂಬೋಟಿಯಿಂದ ಮೇಲೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಆ ದಿನಗಳಲ್ಲಿ ಕರೆಂಟು ಹೋಯಿತೆಂದರೆ ಯಾವಾಗ ಬಂದೀತು ಎಂದು ಹೇಳುವ ಹಾಗಿಲ್ಲ. ಮೊಬೈಲಿನಲ್ಲಿ ಕತೆ ಟೈಪು ಮಾಡಿಕೊಂಡವರು ಚಾರ್ಜಿಗಾಗಿ ಕಾಯುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸ್ಸು ಹಿಡಿದು ಖಾನಾಪುರದ ಡಿಟಿಪಿ ಅಂಗಡಿಗೆ ಬರುತ್ತಾರೆ. ಅಲ್ಲಿ ಉತಾರದ ಅರ್ಜಿ, ಮದುವೆ ಪತ್ರಿಕೆ, ಬಾಡಿಗೆ ಕರಾರುಗಳ ನಡುವೆ ಒಂದು ಸಣ್ಣಕತೆಯೂ ಪಾಳಿ ಹಚ್ಚಿ ಕೂರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿ ಯುನಿಕೋಡಿಗೆ ಬದಲಾಗದೆ ಹೋಯಿತೋ, ಆ ಕಡೆ ತೆರೆದವರಿಗೆ ಇಂಗ್ಲಿಷ್ ಅಕ್ಷರಗಳ ಚೂರುಪಾರು ಮಾತ್ರ ಕಾಣುತ್ತದೆ. ಕತೆ ಓದಿಸಿಕೊಳ್ಳುವ ಮೊದಲೇ ಸೋತಿರುತ್ತದೆ.

ಇಷ್ಟೆಲ್ಲ ಮಾಡಿ ಕಳಿಸುವವರು ನಿಯಮಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕತೆ ಇಂತಿಷ್ಟು ಪದ ಮೀರಬಾರದು. ಸ್ವಂತದ್ದಾಗಿರಬೇಕು, ಅನುವಾದ, ಅನುಕರಣೆ ಕೂಡದು. ಎಲ್ಲಿಯೂ ಪ್ರಕಟವಾಗಿರಬಾರದು. ಕತೆಯ ಹಾಳೆಯ ಮೇಲೆ ಹೆಸರು ಬರೆಯಬಾರದು. ಹೆಸರು, ವಿಳಾಸ ಬೇರೆ ಹಾಳೆಯಲ್ಲಿರಲಿ. ತೀರ್ಪುಗಾರರ ತೀರ್ಮಾನವೇ ಅಂತಿಮ. ಎಲ್ಲಕ್ಕೂ ಕೊನೆಗೆ: ಈ ಕುರಿತು ಪತ್ರ ವ್ಯವಹಾರಕ್ಕೆ ಆಸ್ಪದವಿಲ್ಲ.

ಉಳಿದ ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ. ಹೆಸರು ಮುಚ್ಚಿಡುವುದಂತೂ ಬಹಳ ಒಳ್ಳೆಯ ಪದ್ಧತಿ. ಬೀಡಿ, ಪಾರಿಶ್ವಾಡದ ಕಡೆಯಿಂದ ಬಂದ ಹಾಳೆಯೂ ಬಸವನಗುಡಿಯಿಂದ ಬಂದ ಹಾಳೆಯೂ ಒಂದೇ ಮೇಜಿನ ಮೇಲೆ ಒಂದೇ ಲೆಕ್ಕಕ್ಕೆ ಬರುತ್ತವೆ. ಆದರೆ ಆ ಕೊನೆಯ ಸಾಲು ನನಗೆ ಒಪ್ಪಿಗೆಯಿಲ್ಲ. ಹೊಸದಾಗಿ ಬರೆಯುವವರಿಗೆ ಬೇಕಾದದ್ದೇ ಪತ್ರ ವ್ಯವಹಾರ. ಬಹುಮಾನದ ಹಣ ಹದಿನೈದು ದಿನದಲ್ಲಿ ಕರಗುತ್ತದೆ. ತನ್ನ ಕತೆಯನ್ನು ಗುರುತಿಲ್ಲದವರೊಬ್ಬರು ಕೊನೆಯ ಪುಟದವರೆಗೆ ಓದಿದರು ಎಂಬ ಖಾತ್ರಿ ವರ್ಷಗಟ್ಟಲೆ ಬರೆಸುತ್ತದೆ. ಸ್ಪರ್ಧೆ ಆ ಓದುಗನನ್ನು ಒದಗಿಸುತ್ತದೆ, ಆದರೆ ಅವನ ಬಾಯಿಗೆ ಬೀಗ ಹಾಕಿ ಒದಗಿಸುತ್ತದೆ.

ಬೆಳಗಾವಿಯಲ್ಲಿ ಹಿಂದೆ ಹೀಗಿರಲಿಲ್ಲ ಎಂದು ಹಳೆಯ ಕಾಲವನ್ನು ಹೊಗಳುವ ಇರಾದೆ ನನ್ನದಲ್ಲ. ಆದರೂ 1929ನ್ನು ನೆನೆಯದೆ ಮುಂದೆ ಹೋಗಲು ಆಗುವುದಿಲ್ಲ. ಆ ವರ್ಷ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲಿ ಸೇರಿತು. ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅವರಿಗೇ ಆಗ ನಲವತ್ತು ತುಂಬಿರಲಿಲ್ಲ. ಧಾರವಾಡದಿಂದ ಬಂದ ಮೂವತ್ತಮೂರರ ದ.ರಾ. ಬೇಂದ್ರೆ, ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಇಲ್ಲಿ ಓದಿದರು. ಸಭೆ ಬೆರಗಾಯಿತು, ಕವಿಯ ಹೆಸರು ಕನ್ನಡ ನಾಡಿನ ಉದ್ದಗಲಕ್ಕೆ ಹೋಯಿತು. ಬೇಂದ್ರೆ ಅಂದು ತೀರಾ ಹೊಸಬರೇನಲ್ಲ, ‘ಕೃಷ್ಣಾಕುಮಾರಿ’ 1922ರಲ್ಲೇ ಬಂದಿತ್ತು. ಆದರೆ ಅಚ್ಚಾದ ಪುಸ್ತಕ ಮಾಡದ ಕೆಲಸವನ್ನು ಎದುರಿಗೆ ಕುಳಿತ ಸಭೆ ಮಾಡಿತು. ಓದಿದ ಗಳಿಗೆಯಲ್ಲೇ ಉತ್ತರ ಸಿಕ್ಕಿತು. ಅಂಕಪಟ್ಟಿ ಇರಲಿಲ್ಲ, ಪ್ರಶಸ್ತಿಪತ್ರವೂ ಇರಲಿಲ್ಲ.

(ಅದೇ ಕವಿಯ ‘ಗರಿ’ 1932ರಲ್ಲಿ ಬಂದಾಗ, ಅದರಲ್ಲಿದ್ದ ‘ನರಬಲಿ’ ಎಂಬ ಒಂದು ಕವಿತೆಗಾಗಿ ಬ್ರಿಟಿಷ್ ಸರಕಾರ ಅವರನ್ನು ತಂದು ಕೂಡಿಹಾಕಿದ್ದು ಇದೇ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಸರಕಾರವೂ ಒಂದರ್ಥದಲ್ಲಿ ಮನಸ್ಸಿಟ್ಟು ಓದಿತ್ತು ಅನ್ನಬೇಕು.)

ಈ ಜಿಲ್ಲೆಯ ಬರಹಗಾರರ ದಾರಿ ನೋಡಿದರೆ, ಅವರಲ್ಲಿ ಹೆಚ್ಚಿನವರನ್ನು ಬೆಳೆಸಿದ್ದು ಸ್ಪರ್ಧೆಗಿಂತ ಪತ್ರಿಕೆ. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರು, ನಮ್ಮ ‘ಆನಂದಕಂದ’, ತಾವೇ ಕವಿಯಾಗಿದ್ದೂ 1938ರಲ್ಲಿ ‘ಜಯಂತಿ’ ಮಾಸಿಕ ಹೊರಡಿಸಿ ವರ್ಷಾನುಗಟ್ಟಲೆ ಬೇರೆಯವರ ಬರಹ ಓದುವ, ತಿದ್ದುವ, ಅಚ್ಚು ಹಾಕಿಸುವ ಕೆಲಸ ಹೊತ್ತರು. ಮಲಾಮರಡಿಯ ಬಸವರಾಜ ಕಟ್ಟೀಮನಿ ಪತ್ರಿಕೆಗಳಲ್ಲಿ ದುಡಿಯುತ್ತಲೇ ಕಾದಂಬರಿಕಾರರಾದರು. ಅವರು ದುಡಿದ ‘ಸಂಯುಕ್ತ ಕರ್ನಾಟಕ’ ಹುಬ್ಬಳ್ಳಿಗೆ ಹೋಗುವ ಮೊದಲು ಹುಟ್ಟಿದ್ದು ಬೆಳಗಾವಿಯಲ್ಲೇ. 1980ರಲ್ಲಿ ಸಮ್ಮೇಳನ ಮತ್ತೆ ಈ ಊರಿಗೆ ಬಂದಾಗ ಅಧ್ಯಕ್ಷರ ಕುರ್ಚಿಯಲ್ಲಿ ಕಟ್ಟೀಮನಿ ಇದ್ದರು. ಈಗ ಬೆಳಗಾವಿಯಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಅದು ಯುವ ಬರಹಗಾರರಿಗೆ ಪುರಸ್ಕಾರವನ್ನೂ ಕೊಡುತ್ತದೆ. ಆದರೆ ದಿನಪತ್ರಿಕೆಯ ಭಾನುವಾರದ ಪುರವಣಿಗಳು ತೆಳ್ಳಗಾಗಿವೆ, ಮಾಸಿಕಗಳು ಎಣಿಕೆಗೆ ಸಿಗುವಷ್ಟಾಗಿವೆ. ಸಂಪಾದಕ ಮಾಡುತ್ತಿದ್ದ ಕೆಲಸವೆಲ್ಲ ಸ್ಪರ್ಧೆಯ ತಲೆಯ ಮೇಲೆ ಬಿದ್ದಿದೆ. ಅದಕ್ಕೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ.

ಸ್ಥಳೀಯವಾಗಿ ನಡೆಯುವ ಸಣ್ಣ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕುಳಿತದ್ದುಂಟು. ರಟ್ಟಿನ ಫೈಲಿನಲ್ಲಿ ಕತೆಗಳ ಕಟ್ಟು, ಜೊತೆಗೆ ಒಂದು ತಖ್ತೆ: ವಸ್ತು, ಭಾಷೆ, ತಂತ್ರ, ಒಟ್ಟು. ಒಂದು ಕತೆ ನೆನಪಿದೆ. ಖಾನಾಪುರದ ಹೆಂಚಿನ ಭಟ್ಟಿಯೊಂದರ ಆಸುಪಾಸಿನಲ್ಲಿ ನಡೆಯುವ ಕತೆ. ಮೊದಲ ಮೂರು ಪುಟ ಎಲ್ಲರೂ ಬರೆಯುವಂಥದ್ದೇ. ಸೂರ್ಯ ಮೂಡುತ್ತಾನೆ, ಹಕ್ಕಿಗಳು ಚಿಲಿಪಿಲಿ ಅನ್ನುತ್ತವೆ, ನಾಯಕಿ ನಿಟ್ಟುಸಿರು ಬಿಡುತ್ತಾಳೆ. ನಾಲ್ಕನೆಯ ಪುಟದಲ್ಲಿ ಒಬ್ಬ ಅಜ್ಜಿ ಬಂದಳು. ಮೊಮ್ಮಕ್ಕಳೊಡನೆ ಮರಾಠಿ, ಸಂತೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಸೇರಿಸಿ ಬೈಗುಳ. ಸುಟ್ಟ ಮಡಕೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಇದು ನೀರು ಹಿಡಿದೀತು, ಇದು ಹಿಡಿಯದು ಎಂದು ವಿಂಗಡಿಸಿ ಇಡುತ್ತಾಳೆ. ಮಗ ಗೋವಾದಿಂದ ಕಳಿಸಿದ ಸ್ಟೀಲ್ ಕೊಡವನ್ನೂ ಹಾಗೆಯೇ ಬಡಿದು ನೋಡಿ, ಏನೂ ಹೇಳದೆ ಮೂಲೆಗಿಡುತ್ತಾಳೆ. ಆ ಒಂದು ಪುಟ ಬರೆದ ಕೈ ಬರಹಗಾರರ ಕೈ. ಐದನೆಯ ಪುಟದಲ್ಲಿ ನಾಯಕಿ ಮತ್ತೆ ಬಂದು ಕತೆ ಕೆಡಿಸಿದಳು. ತಖ್ತೆಯಲ್ಲಿ ‘ಒಟ್ಟು’ ಎಂಬ ಕಾಲಮ್ಮಿಗೆ ಬಂದ ಅಂಕ ಬಹುಮಾನಕ್ಕೆ ಸಾಲಲಿಲ್ಲ. ನಾಲ್ಕನೆಯ ಪುಟ ಚೆನ್ನಾಗಿದೆ, ಮೊದಲ ಮೂರನ್ನು ಹರಿದು ಎಸೆಯಿರಿ ಎಂದು ಬರೆಯಲು ಆ ತಖ್ತೆಯಲ್ಲಿ ಜಾಗವೇ ಇರಲಿಲ್ಲ. ಬರೆದವರು ಯಾರೆಂದು ನನಗೆ ಗೊತ್ತಾಗಲಿಲ್ಲ. ಹೆಸರಿನ ಹಾಳೆ ಸಂಘಟಕರ ಬಳಿ ಇತ್ತು. ತನ್ನ ಕತೆಯಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದು ಆ ವ್ಯಕ್ತಿಗೂ ಗೊತ್ತಾಗಿರಲಿಕ್ಕಿಲ್ಲ.

ಒಮ್ಮೆ ಕವಿಗೋಷ್ಠಿಯೊಂದು ಮುಗಿದ ಮೇಲೆ ಪದವಿ ಓದುವ ಹುಡುಗಿಯೊಬ್ಬಳು ಇದನ್ನೇ ನನಗಿಂತ ನೆಟ್ಟಗೆ ಹೇಳಿದಳು: “ಬಹುಮಾನ ಬರಲಿಲ್ಲಂದ್ರ ಬ್ಯಾಸರಿಲ್ರಿ ಸರ. ಯಾಕ ಬರಲಿಲ್ಲ ಅಂತ ಯಾರರ ಒಬ್ರು ಹೇಳಬೇಕಲ್ರಿ?”

ಹೇಳುವವರು ಇಲ್ಲದಿದ್ದಾಗ ಆ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆ. ಈಗ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿ: ‘ಅಭಿನಂದನೆಗಳು, ನಿಮ್ಮ ಕವನ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ, ಸಹಲೇಖಕರ ಶುಲ್ಕ ಇಂತಿಷ್ಟು, ಪ್ರಶಸ್ತಿಪತ್ರ, ಪದಕ, ಐಎಸ್‌ಬಿಎನ್ ಉಚಿತ.’ ಕಳಿಸಿದ ಕವನದಲ್ಲಿ ಒಂದು ಅಕ್ಷರವನ್ನೂ ಯಾರೂ ತಿದ್ದಿರುವುದಿಲ್ಲ, ಏಕೆಂದರೆ ಯಾರೂ ಓದಿರುವುದಿಲ್ಲ. ಸಂಕಲನವನ್ನು ಕೊಳ್ಳುವವರು ಅದರಲ್ಲಿ ಬರೆದವರೇ. ರಾಜ್ಯಮಟ್ಟದ್ದು, ರಾಷ್ಟ್ರಮಟ್ಟದ್ದು ಎಂದು ಹೆಸರಿಟ್ಟುಕೊಂಡ ರತ್ನ, ಭೂಷಣ ಪ್ರಶಸ್ತಿಗಳದೂ ಇದೇ ವ್ಯವಹಾರ. ಶಾಲು, ಹಾರದ ಖರ್ಚು ಹಾಕಿಸಿಕೊಳ್ಳುವವರದೇ. ಇದರಲ್ಲಿ ಮೋಸವೇನೂ ಇಲ್ಲ, ಇಷ್ಟಪಟ್ಟು ಕೊಡುತ್ತಾರೆ ಎಂದು ವಾದಿಸುವವರಿದ್ದಾರೆ. ದುಡ್ಡು ಬರೆಯುವವರ ಜೇಬಿನಿಂದ ಹೊರಟರೆ ಅದು ಛಾಪಖಾನೆಯ ಬಿಲ್ಲು. ಬಿಲ್ಲು ಕಟ್ಟುವುದು ತಪ್ಪಲ್ಲ; ಅದನ್ನು ಆಯ್ಕೆ ಎಂದು ಕರೆಯುವುದು ತಪ್ಪು.

ಎರಡು ಸಂಗತಿ ಗೊತ್ತಿದ್ದರೆ ಅರ್ಧ ವಂಚನೆ ತಪ್ಪುತ್ತದೆ. ಐಎಸ್‌ಬಿಎನ್ ಸಂಖ್ಯೆಗೆ ಭಾರತದಲ್ಲಿ ದುಡ್ಡಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ಸ್ವತಃ ಪ್ರಕಟಿಸಿಕೊಳ್ಳುವ ಲೇಖಕರಿಗೂ ಕೊಡುತ್ತದೆ. ಹಾಗಾಗಿ ‘ಐಎಸ್‌ಬಿಎನ್ ಉಚಿತ’ ಎಂಬ ಆಮಿಷ ಬಸ್ಸಿನಲ್ಲಿ ಗಾಳಿ ಉಚಿತ ಎಂದಂತೆ. ಎರಡನೆಯದು, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದದ್ದರ ಹಕ್ಕು ಬರೆದ ಗಳಿಗೆಯಿಂದಲೇ ಬರೆದವರದು, ನೋಂದಣಿ ಕಡ್ಡಾಯವಲ್ಲ. ಬರೆದವರು ತೀರಿಕೊಂಡ ನಂತರವೂ 60 ವರ್ಷ ಅದು ಅವರ ವಾರಸುದಾರರಿಗೆ ಸೇರಿದ್ದು. ಸ್ಪರ್ಧೆಯ ನಿಯಮಗಳಲ್ಲಿ ‘ಬಂದ ಎಲ್ಲ ಕೃತಿಗಳ ಎಲ್ಲ ಹಕ್ಕುಗಳೂ ಸಂಘಟಕರದು’ ಎಂಬ ಸಾಲು ಕಂಡರೆ ಅಲ್ಲಿಗೆ ಕಳಿಸದಿರುವುದೇ ಲೇಸು. ಬಹುಮಾನ ಬಂದ ಕತೆಯನ್ನು ಒಮ್ಮೆ ಅಚ್ಚು ಹಾಕುವ ಹಕ್ಕು ಕೇಳಿದರೆ ನ್ಯಾಯ. ಬಹುಮಾನ ಬರದ ಕತೆಯ ಹಕ್ಕು ಅವರಿಗೇಕೆ?

ಹಾಗೆಂದು ಪ್ರಾಮಾಣಿಕ ಬಾಗಿಲುಗಳೇ ಇಲ್ಲವೆಂದಲ್ಲ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಹಲವು ದಶಕಗಳಿಂದ ನಡೆಯುತ್ತಿದೆ; ಅದರಲ್ಲಿ ಗೆದ್ದ ಕತೆ ನಾಡಿನ ಮೂಲೆಮೂಲೆಯಲ್ಲಿ ಓದಿಸಿಕೊಳ್ಳುತ್ತದೆ. ಕತೆಗಾರ ವಸುಧೇಂದ್ರ ನಡೆಸುವ ಛಂದ ಪುಸ್ತಕದ ಬಹುಮಾನದ ರೀತಿ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿ ಬಿಡಿ ಕತೆಯನ್ನಲ್ಲ, ಹೊಸಬರ ಇಡೀ ಕಥಾಸಂಕಲನದ ಹಸ್ತಪ್ರತಿಯನ್ನು ತರಿಸಿಕೊಂಡು, ಆಯ್ಕೆಯಾದದ್ದನ್ನು ಪುಸ್ತಕ ಮಾಡುತ್ತಾರೆ. ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ ಹಾಗೆ ಬಂದದ್ದು. ಮುಂದೆ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಬಂತು. ಮೊದಲ ಪುಸ್ತಕದ ಅಚ್ಚಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನವಿದೆ. ಪುಸ್ತಕ ಬಂದ ಮೇಲೆ ರಾಜ್ಯ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಮೀಸಲಾದ, ಹಲಸಂಗಿಯ ಮಧುರಚೆನ್ನರ ಹೆಸರಿನ ದತ್ತಿ ಬಹುಮಾನವಿದೆ. ಇವುಗಳಿಗೆ ಪುಸ್ತಕದ ಪ್ರತಿಗಳನ್ನು ಕಳಿಸುವ ಖರ್ಚೇ ಈಗ ಒಂದು ತಲೆನೋವು. ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಅಗ್ಗದ ಅಂಚೆ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು.

ಕೇಂದ್ರ ಅಕಾಡೆಮಿ ಯುವ ಪುರಸ್ಕಾರವನ್ನು ಶುರುಮಾಡಿದ್ದು 2011ರಲ್ಲಿ. ಮೂವತ್ತೈದರೊಳಗಿನವರಿಗೆ, 50,000 ರೂಪಾಯಿ. ಆ ಮೊದಲ ವರ್ಷವೇ ಕನ್ನಡಕ್ಕೆ ಸಂದ ಪುರಸ್ಕಾರ ನಮ್ಮ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಮಾಸ್ತರರಿಗೆ ಬಂತು: ವೀರಣ್ಣ ಮಡಿವಾಳರ, ‘ನೆಲದ ಕರುಣೆಯ ದನಿ’ ಕವನ ಸಂಕಲನಕ್ಕೆ. ಬೆಳಗಾವಿ ಜಿಲ್ಲೆ ಬೆಂಗಳೂರಿಗೆ ದೂರ, ನಮ್ಮನ್ನು ಯಾರು ಕೇಳುತ್ತಾರೆ ಎಂದು ಕೈಚೆಲ್ಲಿ ಕೂರುವವರ ಎದುರು ನಾನು ಈ ಹೆಸರನ್ನು ಹೇಳುತ್ತಿರುತ್ತೇನೆ. ಅಷ್ಟೇ ಮುಖ್ಯವಾಗಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಚಿ. ಶ್ರೀನಿವಾಸರಾಜು ಮೇಷ್ಟ್ರನ್ನೂ ನೆನೆಯಬೇಕು. ಬೇಂದ್ರೆಯವರ ನೆನಪಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ಇಟ್ಟು, ಅದರಿಂದ ಬಂದ ಕವಿತೆಗಳನ್ನು ಕನ್ನಡ ಸಂಘದಿಂದ ಪುಸ್ತಕ ಮಾಡಿದವರು. ಬಹುಮಾನದ ಮೊತ್ತ ಯಾರಿಗೂ ನೆನಪಿರಲಿಕ್ಕಿಲ್ಲ. ಆ ತೆಳ್ಳನೆಯ ಪುಸ್ತಕಗಳನ್ನು ಇಂದಿಗೂ ಕಪಾಟಿನಲ್ಲಿ ಇಟ್ಟುಕೊಂಡವರಿದ್ದಾರೆ.

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲ ಇದೆ, ಅದನ್ನು ನಾವು ಬಳಸುವುದು ಕಡಿಮೆ. ಕಡೋಲಿ, ಉಚಗಾಂವ, ಬೆಳಗುಂದಿ, ಯಳ್ಳೂರಿನಂಥ ಹಳ್ಳಿಗಳಲ್ಲಿ ವರ್ಷವರ್ಷವೂ ಮರಾಠಿ ಸಾಹಿತ್ಯ ಸಮ್ಮೇಳನ ಸೇರುತ್ತದೆ. ಊರೇ ಎದ್ದು ನಿಂತು ಮಾಡುವ ಹಬ್ಬ. ಗ್ರಂಥಗಳ ಮೆರವಣಿಗೆ, ಬಂದವರಿಗೆಲ್ಲ ಊಟ, ಮುಂದಿನ ಸಾಲಿನಲ್ಲಿ ರೈತರು. ಭಾಷೆಯ ಜಗಳ ತನ್ನ ಪಾಡಿಗೆ ಇರಲಿ, ಆದರೆ ಹಳ್ಳಿಯೊಂದು ತನ್ನ ಖರ್ಚಿನಲ್ಲಿ ಬರಹಗಾರರನ್ನು ಕರೆಸಿ ಕೇಳುವ ಈ ಪರಿಯಿಂದ ಕಲಿಯುವುದು ಬಹಳವಿದೆ. ದೀಪಾವಳಿ ವಿಶೇಷಾಂಕವೆಂಬ ಪದ್ಧತಿಗೆ ಮರಾಠಿಯಲ್ಲಿ ನೂರು ವರ್ಷ ದಾಟಿದ ಚರಿತ್ರೆ ಇದೆ. 1909ರಲ್ಲಿ ‘ಮನೋರಂಜನ’ ಮಾಸಿಕ ಅದನ್ನು ಆರಂಭಿಸಿತು. ಬೆಳಗಾವಿಯಲ್ಲಿ ಓದಿ ಧಾರವಾಡದಲ್ಲಿ ಪಾಠ ಹೇಳಿದ ಜಿ.ಎ. ಕುಲಕರ್ಣಿ, ಬೆಳಗಾವಿಯಲ್ಲೇ ಬಾಳಿದ ಕವಯಿತ್ರಿ ಇಂದಿರಾ ಸಂತ, ಇವರೆಲ್ಲ ನಮ್ಮ ಓಣಿಯವರು. ಖಾನಾಪುರದ ಹುಡುಗರಿಗೆ ಮರಾಠಿ ಯಾರೂ ಕಲಿಸಬೇಕಿಲ್ಲ, ಅಂಗಳದಲ್ಲೇ ಬಂದಿರುತ್ತದೆ. ಸ್ಪರ್ಧೆಗಳು ಅನುವಾದ ಬೇಡ ಅನ್ನುತ್ತವೆ, ಸರಿ. ಆದರೆ ಮಾಸಿಕಗಳು ಬೇಡ ಅನ್ನುವುದಿಲ್ಲ. ಮೂಲ ಲೇಖಕರ ಒಪ್ಪಿಗೆ ಪತ್ರ ತರಿಸಿಕೊಂಡು ಒಂದು ಒಳ್ಳೆಯ ಮರಾಠಿ ಕತೆಯನ್ನು ಕನ್ನಡಕ್ಕೆ ತಂದರೆ ಸಂಪಾದಕರ ಕಣ್ಣಿಗೆ ಬೀಳುವುದು ಸುಲಭ. ಅದಕ್ಕಿಂತ ದೊಡ್ಡ ಲಾಭ, ಬೇರೆಯವರ ಕತೆಯನ್ನು ಸಾಲುಸಾಲಾಗಿ ಬಿಚ್ಚಿ ಕಟ್ಟುವಾಗ ತನ್ನ ಕತೆಯ ಮೊದಲ ಮೂರು ಪುಟ ಯಾಕೆ ಜೊಳ್ಳಾಯಿತು ಎಂಬುದು ತಾನಾಗಿ ಹೊಳೆಯುತ್ತದೆ.

ಇನ್ನು ಕವಿಗೋಷ್ಠಿ. ತಾಲ್ಲೂಕು ಸಮ್ಮೇಳನಗಳಲ್ಲಿ ಹೊಸಬರಿಗೆ ಸಿಗುವ ವೇದಿಕೆ ಇದೊಂದೇ. ಇದರ ಹೊತ್ತು ಮಧ್ಯಾಹ್ನದ ಊಟದ ನಂತರ. ಉದ್ಘಾಟನೆ ತಡವಾಗಿರುತ್ತದೆ, ಸತ್ಕಾರಗಳ ಪಟ್ಟಿ ಉದ್ದವಾಗಿರುತ್ತದೆ, ಗೋಷ್ಠಿ ಶುರುವಾಗುವಾಗ ನಾಲ್ಕೂವರೆ. ಪೆಂಡಾಲಿನವರು ಹಿಂದಿನಿಂದ ಕುರ್ಚಿ ಒಟ್ಟುತ್ತ ಬರುತ್ತಿರುತ್ತಾರೆ. ನಿರೂಪಕರು ಪ್ರತಿಯೊಬ್ಬರ ಕಿವಿಯಲ್ಲೂ ‘ಮೂರು ನಿಮಿಷ, ಮೂರೇ ನಿಮಿಷ’ ಅನ್ನುತ್ತಾರೆ. ಓದಿದವರು ಪ್ರಶಸ್ತಿಪತ್ರ ತೆಗೆದುಕೊಂಡು, ಫೋಟೋ ಹೊಡೆಸಿಕೊಂಡು ಕಡೆಯ ಬಸ್ಸಿಗೆ ಓಡುತ್ತಾರೆ. ಒಬ್ಬರ ಕವಿತೆಯನ್ನು ಇನ್ನೊಬ್ಬರು ಕೇಳಿರುವುದಿಲ್ಲ. 1929ರಲ್ಲಿ ಬೇಂದ್ರೆಯವರಿಗೂ ಇದೇ ಗತಿ ಆಗಿದ್ದರೆ ಹಕ್ಕಿ ಹಾರುವುದು ಕಷ್ಟವಿತ್ತು.

ಇದನ್ನು ಸರಿಪಡಿಸಲು ಅನುದಾನ ಬೇಡ, ಸರಕಾರದ ಆದೇಶವೂ ಬೇಡ. ಮುಂದಿನ ಖಾನಾಪುರ ತಾಲ್ಲೂಕು ಸಮ್ಮೇಳನದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಕವಿಗೋಷ್ಠಿಯನ್ನು ಬೆಳಿಗ್ಗೆ ಹತ್ತಕ್ಕೆ ತರಬಹುದು, ಸತ್ಕಾರಗಳನ್ನು ನಾಲ್ಕೂವರೆಗೆ ಒಯ್ಯಬಹುದು. ಸತ್ಕಾರ ಬೇಕಾದವರು ಹೇಗೂ ಕಾಯುತ್ತಾರೆ. ನಲವತ್ತು ಜನರ ಬದಲು ಹತ್ತು ಜನರಿಗೆ ಹತ್ತು ಹತ್ತು ನಿಮಿಷ ಕೊಡಬಹುದು. ಗೋಷ್ಠಿಯ ಅಧ್ಯಕ್ಷರಿಗೆ ಕವಿತೆಗಳನ್ನು ವಾರ ಮೊದಲೇ ಕಳಿಸಿ, ಸಭೆಯಲ್ಲಿ ಅವರು ಭಾಷಣದ ಬದಲು ಆ ಹತ್ತು ಕವಿತೆಗಳ ಬಗ್ಗೆಯೇ ಮಾತಾಡಲಿ ಎಂದು ಕೇಳಿಕೊಳ್ಳಬಹುದು. ಸ್ಪರ್ಧೆ ನಡೆಸುವ ಬೆಳಗಾವಿಯ ಸಂಘಗಳು ತಖ್ತೆಯಲ್ಲಿ ‘ಒಟ್ಟು’ ಕಾಲಮ್ಮಿನ ಪಕ್ಕ ಇನ್ನೊಂದು ಕಾಲಮ್ಮು ಎಳೆಯಲಿ: ಬರೆದವರಿಗೆ ಎರಡು ಸಾಲು. ನೂರು ಕತೆ ಬಂದರೆ ಇನ್ನೂರು ಸಾಲು, ಒಬ್ಬ ತೀರ್ಪುಗಾರರ ಎರಡು ಸಂಜೆಯ ಕೆಲಸ. ಅದನ್ನು ಫೋಟೋ ಹೊಡೆದು ಆಯಾ ನಂಬರಿಗೆ ಕಳಿಸಲು ಅಂಚೆ ವೆಚ್ಚವೂ ಬೀಳುವುದಿಲ್ಲ. ಬರುವ ಮಳೆಗಾಲದ ಪ್ರಕಟಣೆಯಲ್ಲಿ ಆ ಕೊನೆಯ ನಿಯಮವನ್ನು ಕೈಬಿಡುವ ಸಂಘ ಯಾವುದಾದರೂ ಇದ್ದರೆ, ಆ ಎರಡು ಸಂಜೆ ನನ್ನವು.